ನೀಲಗಿರಿಯನ್ನೇರಿದ ಹಲ್ಲುಹಳಿ

ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ನೀಲಗಿರಿಯನ್ನು ಹತ್ತಿದ ಕಾಲಕ್ಕೆ ಅಲ್ಲಿಗೆ ಗಾಡಿಯ ದಾರಿಯಿರಲಿಲ್ಲ. ಮುಂದೆ ಉದಕಮಂಡಲ ಮದರಾಸು ಸರ್ಕಾರದ ಬೇಸಿಗೆಯ ರಾಜಧಾನಿಯಾಯಿತು. ಮೈಸೂರು ಅರಸರಿಗೂ ಅಲ್ಲಿನ ಫರ್ನ್‌ಹಿಲ್‌ನಲ್ಲಿ ಅರಮನೆಯಾಯಿತು. ಆಳುವವರು ಬೆಟ್ಟ ಸೇರಿದ ಮೇಲೆ ರೈಲೂ ಅಲ್ಲಿಗೆ ಬರಲೇಬೇಕಾಯಿತು.

ರೈಲಿನ ಪ್ರಸ್ತಾಪ 1854ರಷ್ಟು ಹಳೆಯದು. ಆದರೆ ಘಟ್ಟ ಸುಲಭಕ್ಕೆ ಒಲಿಯಲಿಲ್ಲ. ಹನ್ನೆರಡೂವರೆ ಅಡಿ ಸಾಗುವಷ್ಟರಲ್ಲಿ ಒಂದಡಿ ಮೇಲೇರಬೇಕಾದ ಕಡಿದಿನಲ್ಲಿ ಬರಿಯ ಕಂಬಿಯ ಮೇಲೆ ಚಕ್ರ ಜಾರುತ್ತದೆ. 1882ರಲ್ಲಿ ಸ್ವಿಸ್ ಎಂಜಿನಿಯರ್ ನಿಕೊಲಾಸ್ ರಿಗ್ಗೆನ್‌ಬಾಖ್ ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಏರುವ ಹಲ್ಲುಹಳಿಯ ಸಲಹೆಯಿತ್ತರು. 1891ರಲ್ಲಿ ಕೆಲಸ ಮೊದಲಾಯಿತು. ಅದನ್ನು ಹಿಡಿದ ಕಂಪನಿ ನಡುವೆಯೇ ದಿವಾಳಿಯಾಯಿತು. ಹೊಸ ಕಂಪನಿ ಕಟ್ಟಿಕೊಂಡು ಮುಂದುವರಿದ ಮೇಲೆ 1899ರ ಜೂನ್‌ನಲ್ಲಿ ಕೂನೂರಿಗೂ, 1908ರಲ್ಲಿ ಉದಕಮಂಡಲಕ್ಕೂ ಬಂಡಿ ತಲುಪಿತು. 46 ಕಿಲೋಮೀಟರ್ ದಾರಿಗೆ 16 ಸುರಂಗ, 250 ಸೇತುವೆ, 208 ತಿರುವು. ಬಂಡೆ ಸಿಡಿಸಿ ಈ ಹಾದಿ ತೆರೆದ ಸಾವಿರಾರು ಕೈಗಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

326 ಮೀಟರ್ ಎತ್ತರದ ಮೆಟ್ಟುಪಾಳ್ಯಂನಿಂದ ಹೊರಟ ಬಂಡಿ ಭವಾನಿ ಹೊಳೆಯನ್ನು ದಾಟಿ, ಅಡಿಕೆ ತೋಟಗಳ ನಡುವಿನ ಕಲ್ಲಾರ್ ಮುಟ್ಟುತ್ತದೆ. ಹಲ್ಲುಹಳಿ ಶುರುವಾಗುವುದು ಅಲ್ಲಿಂದ. ಎರಡು ಕಂಬಿಗಳ ನಡುವೆ ಹಲ್ಲಿನ ಪಟ್ಟಿಗಳೆರಡು ಜೋಡಿಯಾಗಿ ಮಲಗಿವೆ; ಒಂದರ ಹಲ್ಲಿನ ಪಕ್ಕಕ್ಕೆ ಇನ್ನೊಂದರ ಸಂದು ಬರುವಂತೆ ಕೂಡಿಸಿರುವುದರಿಂದ ಎಂಜಿನ್ನಿನ ಹಲ್ಲುಚಕ್ರಗಳ ಹಿಡಿತ ಎಲ್ಲಿಯೂ ತಪ್ಪದು. ಎಂಜಿನ್ ಮುಂದೆ ನಿಂತು ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಪ್ರತಿ ಡಬ್ಬಿಯ ಮೊಗಸಾಲೆಯಲ್ಲೂ ಒಬ್ಬ ಬ್ರೇಕ್‌ಮನ್ ಬಾವುಟ ಹಿಡಿದು ನಿಲ್ಲುತ್ತಾನೆ. ಹಿಲ್‌ಗ್ರೋವ್‌ನಲ್ಲಿ ಎಂಜಿನ್ ನೀರು ಕುಡಿಯುವ ಹೊತ್ತಿಗೆ ಕೆಳಗಿನ ಬಯಲು ಮಂಜಿನಲ್ಲಿ ಮಸಕಾಗಿ, ಕಾಡು ಎರಡು ಬದಿಯಿಂದಲೂ ಒತ್ತಿ ಬಂದಿರುತ್ತದೆ.

ಕೂನೂರಿನಾಚೆ ಏರು ಸಡಿಲವಾಗುತ್ತದೆ, ಹಲ್ಲುಹಳಿ ಮುಗಿಯುತ್ತದೆ, ಚಹಾ ತೋಟಗಳು ಹರಡಿಕೊಳ್ಳುತ್ತವೆ. ಕೇತಿ ಕಣಿವೆಯ ತುಂಬ ಬಡಗ ಜನರ ಹಳ್ಳಿಗಳು, ಮಟ್ಟಸ ಮಾಡಿದ ಹೊಲಗಳು. ಅವರ ನುಡಿಗೂ ಕನ್ನಡಕ್ಕೂ ಹತ್ತಿರದ ನಂಟು. ಮೈಸೂರು ಸೀಮೆಯಿಂದ ಹಿರಿಯರು ಬೆಟ್ಟ ಹತ್ತಿದ ಕಥೆ ಅವರಲ್ಲಿ ಇಂದಿಗೂ ಇದೆ. ಕಡೆಗೆ 2203 ಮೀಟರ್ ಎತ್ತರದಲ್ಲಿ ಉದಕಮಂಡಲ.

ಸ್ವಿಸ್ ಊರಾದ ವಿಂಟರ್‌ಥೂರ್‌ನ ಕಾರ್ಖಾನೆ ಕಟ್ಟಿದ ಎಕ್ಸ್ ವರ್ಗದ ಉಗಿ ಎಂಜಿನ್‌ಗಳೇ ದಶಕಗಳ ಕಾಲ ಈ ಘಟ್ಟವನ್ನು ಏರಿದವು. 2005ರಲ್ಲಿ ಯುನೆಸ್ಕೊ ಈ ದಾರಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಇದನ್ನು ಉಳಿಸಿದ್ದು ಪಟ್ಟಿಯೊಂದೇ ಅಲ್ಲ. ಹಳೆಯ ಎಂಜಿನ್‌ಗಳು ಸವೆದಾಗ ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆಯ ಕೆಲಸಗಾರರು ಅದೇ ವರ್ಗದ ಹೊಸ ಉಗಿ ಎಂಜಿನ್‌ಗಳನ್ನು ಕಟ್ಟಿ ಹಳಿಗಿಳಿಸಿದರು. ಕಬ್ಬಿಣಕ್ಕೆ ಆಯುಸ್ಸಿದೆ, ಕಸುಬು ಕೈಯಿಂದ ಕೈಗೆ ದಾಟುತ್ತಿರುವವರೆಗೆ ಬದುಕುತ್ತದೆ. ನೀಲಗಿರಿಯ ರೈಲನ್ನು ಪರಂಪರೆ ಎನ್ನುವುದಾದರೆ, ಆ ಗೌರವದ ಮೊದಲ ಪಾಲು ಈ ಕೈಗಳಿಗೇ ಸಲ್ಲಬೇಕು.