ಬಾವಲಿಯ ರಕ್ತ ಕಲಿಸುವ ಪಾಠ



ನಮ್ಮ ಜತ್ತ ತಾಲೂಕಿನ ಹಳ್ಳಿಗಳಲ್ಲಿ ತೆಗೆದ ರಕ್ತ ಕೆಲವೊಮ್ಮೆ ಮಿರಜ, ಸಾಂಗಲಿಗೆ ಹೋಗಿ ತಪಾಸಣೆಯಾಗುತ್ತದೆ. ರಿಪೋರ್ಟಿನ ಅಂಕಿಗಳನ್ನು ನಾವು ನಂಬುತ್ತೇವೆ. ಹಾದಿಯಲ್ಲಿ ಆ ರಕ್ತಕ್ಕೆ ಏನಾಯಿತೆಂದು ಕೇಳುವುದಿಲ್ಲ. ಕಾಡಿನಲ್ಲಿ ಪ್ರಾಣಿಗಳ ರಕ್ತ ತೆಗೆದು ದೂರದ ಪ್ರಯೋಗಾಲಯಕ್ಕೆ ಒಯ್ದವರು ಮಾತ್ರ ಇದನ್ನು ಕೇಳಲೇಬೇಕಾಯಿತು.

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಜನರಿಗೂ ಜ್ವರ ಬಂತು. 1952ರಲ್ಲಿ ಪುಣೆಯಲ್ಲಿ ಸ್ಥಾಪನೆಯಾಗಿದ್ದ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲಿ ಹೊಸ ವೈರಸ್ ಪತ್ತೆಹಚ್ಚಿದರು. ಅದೇ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆ. ಕೀಟ ತಿನ್ನುವ ಒಂದು ಜಾತಿಯ ಬಾವಲಿಯಲ್ಲೂ ಈ ವೈರಸ್ ಸಿಕ್ಕಿತೆಂಬ ವರದಿ 1969ರಲ್ಲಿ ಪ್ರಕಟವಾಯಿತು. ಅದೇ ಕೇಂದ್ರ ಇಂದು ರಾಷ್ಟ್ರೀಯ ವಿಷಾಣು ವಿಜ್ಞಾನ ಸಂಸ್ಥೆ. 2020ರಲ್ಲಿ ನಮ್ಮ ನೆರೆಯ ಸಾತಾರಾ ಜಿಲ್ಲೆಯ ಮಹಾಬಳೇಶ್ವರದ ಗುಹೆಯಲ್ಲಿ ಹಿಡಿದ ಬಾವಲಿಗಳಲ್ಲಿ ಅದು ನಿಪಾ ವೈರಸ್ಸಿನ ಕುರುಹು ಕಂಡಿತು.

ವೈರಸ್ ಹುಡುಕುವುದು ಒಂದು ಕೆಲಸ. ರಕ್ತದ ಸಕ್ಕರೆ, ಲವಣ ಅಳೆಯುವ ಜೀವರಸಾಯನ ಪರೀಕ್ಷೆ ಇನ್ನೊಂದು. ಬಾವಲಿಯಲ್ಲಿ ಇದು ಬಲು ನಾಜೂಕು. ದೇಹತೂಕದ ಶೇ. 1ಕ್ಕಿಂತ ಹೆಚ್ಚು ರಕ್ತ ತೆಗೆಯಬಾರದೆಂಬುದು ರೂಢಿಯ ನಿಯಮ. 12 ಗ್ರಾಂ ಬಾವಲಿಗೆ ಅದು ಎರಡು ಮೂರು ಹನಿ ಮಾತ್ರ. ಹಿಡಿದಾಗಿನ ಗಾಬರಿಗೇ ಅದರ ಸಕ್ಕರೆ ಏರಬಹುದು.

ತೆಗೆದ ಮೇಲೂ ರಕ್ತಕಣ ಸುಮ್ಮನಿರುವುದಿಲ್ಲ, ಸಕ್ಕರೆ ತಿನ್ನುತ್ತಲೇ ಇರುತ್ತದೆ. ಮನುಷ್ಯರ ರಕ್ತವನ್ನು ಬೇರ್ಪಡಿಸದೆ ಹೊರಗಿಟ್ಟರೆ ಗಂಟೆಗೆ ಸುಮಾರು ಶೇ. 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಕೊಳವೆ ಜೋರಾಗಿ ಅಲುಗಾಡಿ ಕಣಗಳು ಒಡೆದರೆ ಒಳಗಿನ ಪೊಟ್ಯಾಶಿಯಂ ಹೊರಬಿದ್ದು ಅಂಕಿ ಸುಳ್ಳಾಗಿ ಏರುತ್ತದೆ. ಬೇರ್ಪಡಿಸದ ರಕ್ತವನ್ನು ಹೆಪ್ಪುಗಟ್ಟಿಸಿದರೂ ಇದೇ ಗತಿ. ಕಿತ್ತ ದ್ರಾಕ್ಷಿಯನ್ನು ಬಿಸಿಲಲ್ಲಿ ಬಿಟ್ಟರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಬೇಕೇ?

ನನ್ನ ತರಗತಿಯ ಮಗುವೊಂದರ ಅಜ್ಜನಿಗೆ ಹೀಗೇ ಆಯಿತು. ಬೆಳಿಗ್ಗೆ ತೆಗೆದ ರಕ್ತ ಸಂಜೆ ಪರೀಕ್ಷೆಯಾಗಿ 'ಸಕ್ಕರೆ ಸರಿಯಿದೆ' ಎಂದು ಬಂತು. ಅಜ್ಜ ಗುಳಿಗೆ ಬಿಟ್ಟರು. ಕಾಲಿನ ಗಾಯ ಮಾಯಲಿಲ್ಲ. ಮತ್ತೆ ತಪಾಸಿಸಿದಾಗ ಸಕ್ಕರೆ ಬಹಳ ಹೆಚ್ಚಿತ್ತು.

ಆದ್ದರಿಂದ ರಕ್ತ ಕೊಡುವಾಗ ಎರಡು ಮಾತು ಕೇಳಿ: ಸಕ್ಕರೆಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಕೊಳವೆ ಬಳಸಿದ್ದಾರೆಯೇ? ಎಷ್ಟು ಹೊತ್ತಿನಲ್ಲಿ ರಕ್ತ ಬೇರ್ಪಡಿಸುತ್ತಾರೆ? ಮಕ್ಕಳಿಗೂ ಇದನ್ನು ಕಲಿಸೋಣ. ರಿಪೋರ್ಟ್ ಓದಬಲ್ಲವರು ಮನೆಯಲ್ಲಿ ಹೆಚ್ಚಾಗಿ ಅವರೇ.