ಹಸಿರು ಗೆರೆ ಮತ್ತು ಕ್ಯೂ

ಕೆಲವು ವರ್ಷಗಳ ಹಿಂದಿನ ಮಾತು. ಅರ್ಜಿ ತುಂಬುವ ತಾಣವೊಂದಕ್ಕೆ ಲಾರಾವೆಲ್‌ನಲ್ಲಿ ಕೋಡ್ ಬರೆದಿದ್ದೆ. ಜನ ಹಾಕಿದ ಫೋಟೋವನ್ನು ಚಿಕ್ಕದು ಮಾಡುವ ಕೆಲಸ ಹಿನ್ನೆಲೆಯಲ್ಲಿ, ಕ್ಯೂ ಮೂಲಕ ಆಗಬೇಕಿತ್ತು. ಟೆಸ್ಟ್‌ಗಳೆಲ್ಲ ಹಸಿರು! ಖುಷಿಯಿಂದ ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಒಂದು ಫೋಟೋನೂ ಕ್ಯೂ ಸೇರಿಲ್ಲ, ಅರ್ಜಿ ಹಾಕಿದವರಿಗೆಲ್ಲ ಎರರ್ ಪುಟ... ಹಸಿರು ಸುಳ್ಳು ಹೇಳಿತೇ? ಉತ್ತರಕ್ಕೆ ಸ್ವಲ್ಪ ಚರಿತ್ರೆ ಕೆದಕಬೇಕು.

ಕೆಂಟ್ ಬೆಕ್ 1994ರಲ್ಲಿ ಸ್ಮಾಲ್‌ಟಾಕ್ ಭಾಷೆಗೆ ಯೂನಿಟ್ ಟೆಸ್ಟ್ ಮಾಡುವ ರೀತಿ ಬರೆದರು. 1997ರಲ್ಲಿ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ಹೊರಟ ವಿಮಾನದಲ್ಲಿ ಎರಿಕ್ ಗಾಮಾ ಜೊತೆ ಕೂತು ಜಾವಾಗೆ ಜೆಯುನಿಟ್ ಮಾಡಿದರು. ಅದೇ ದಾರಿಯಲ್ಲಿ ಸೆಬಾಸ್ಟಿಯನ್ ಬರ್ಗ್‌ಮನ್ ಪಿಎಚ್‌ಪಿಯುನಿಟ್ ಕಟ್ಟಿದರು. ಎಲ್ಲದರ ತಿರುಳು ಒಂದೇ: ತುಣುಕು ಕೋಡ್ ಓಡಿಸು, ಬಂದ ಉತ್ತರವನ್ನು ಅಲ್ಲೇ ತಾಳೆ ನೋಡು.

ಆದರೆ ಕ್ಯೂನಲ್ಲಿ ಉತ್ತರ ಅಲ್ಲೇ ಬರೋದಿಲ್ಲವಲ್ಲ! ಹೋಟೆಲಿನ ಸಪ್ಲೈಯರ್ ಚೀಟಿ ಬರೆದು ಅಡುಗೆಮನೆಗೆ ಕಳಿಸಿದ ಹಾಗೆ. ದೋಸೆ ಹುಯ್ಯುವವನು ಬೇರೆ, ಹುಯ್ಯುವ ಹೊತ್ತೂ ಬೇರೆ.

ಟೇಲರ್ ಓಟ್ವೆಲ್ 2011ರಲ್ಲಿ ಶುರು ಮಾಡಿದ ಲಾರಾವೆಲ್‌ಗೆ, 2013ರ 4ನೇ ಆವೃತ್ತಿಯಲ್ಲಿ ಕ್ಯೂ ಬಂತು. ಜೊತೆಗೆ 'ಸಿಂಕ್' ಎಂಬ ಡ್ರೈವರ್: ಕೆಲಸವನ್ನು ಕಾಯಿಸದೆ ನಿಂತಲ್ಲೇ ಮಾಡಿ ಮುಗಿಸುತ್ತದೆ. ಟೆಸ್ಟ್ ಸುಲಭವೇನೋ ಆಯಿತು, ಆದರೆ ಪುಟ್ಟ ಟೆಸ್ಟ್ ಕೂಡ ಇಡೀ ಅಡುಗೆಮನೆ ಹೊತ್ತು ತರಬೇಕಾಯಿತು. 2016ರ ಆಗಸ್ಟ್‌ನಲ್ಲಿ 5.3 ಬಂದಾಗ ನಕಲಿ ಕ್ಯೂ, ಅಂದರೆ 'ಕ್ಯೂ ಫೇಕ್' ಸಿಕ್ಕಿತು. ಅದು ಯಾವ ಕೆಲಸವನ್ನೂ ಓಡಿಸದು, ಬಂದದ್ದನ್ನು ನೆನಪಿಟ್ಟುಕೊಳ್ಳುತ್ತದೆ ಅಷ್ಟೆ. ಹೀಗೆ ಪ್ರಶ್ನೆ ಎರಡಾಯಿತು. ಕೆಲಸ ಕ್ಯೂಗೆ ಹೋಯಿತೇ? ಫೇಕ್ ಹೇಳುತ್ತದೆ. ಕೆಲಸ ಸರಿಯಾಗಿ ನಡೆಯಿತೇ? ಜಾಬ್‌ನ 'ಹ್ಯಾಂಡಲ್' ಅನ್ನು ನೇರ ಕರೆದು ನೋಡು. ನಾನೂ ಇವೆರಡನ್ನೇ ಕೇಳಿದ್ದೆ.

ಮೂರನೆಯದನ್ನು ಮರೆತಿದ್ದೆ: ಈ ಕೆಲಸವನ್ನು ಚೀಟಿಯಲ್ಲಿ ಬರೆಯೋಕೆ ಆಗುತ್ತದೆಯೇ? ನಿಜವಾದ ಕ್ಯೂಗೆ ಹೋಗಬೇಕಾದರೆ ಜಾಬ್ ಸೀರಿಯಲೈಸ್ ಆಗಬೇಕು. ನಾನು ಅಪ್‌ಲೋಡ್ ಆದ ಫೈಲಿನ ಆಬ್ಜೆಕ್ಟನ್ನೇ ಜಾಬ್ ಒಳಗೆ ತುರುಕಿದ್ದೆ. ಪಿಎಚ್‌ಪಿ ಅದನ್ನು ಸೀರಿಯಲೈಸ್ ಮಾಡಲು ಒಪ್ಪೋದಿಲ್ಲ. ಫೇಕ್ ತಾನಾಗಿ ಚೀಟಿ ಬರೆಯುವುದೇ ಇಲ್ಲ, ಹಾಗಾಗಿ ತಕರಾರೂ ಇಲ್ಲ. ತಮಾಷೆ ನೋಡಿ, ಹಳತೆಂದು ನಾನು ಕೈಬಿಟ್ಟ ಸಿಂಕ್ ಚೀಟಿ ಬರೆದೇ ಓಡಿಸುತ್ತದೆ, ಮೊದಲ ದಿನವೇ ಹಿಡಿದುಬಿಡುತ್ತಿತ್ತು! ಫೈಲನ್ನು ಡಿಸ್ಕಿನಲ್ಲಿಟ್ಟು ಅದರ ವಿಳಾಸ ಮಾತ್ರ ಕೊಟ್ಟೆ, ಸರಿಹೋಯಿತು. ಮುಂದೆ ಫೇಕ್‌ಗೂ ಚೀಟಿ ಬರೆದು ನೋಡುವ ಆಯ್ಕೆ ಬಂದಿದೆ, ಆದರೆ ನಾವೇ ಕೇಳಬೇಕು.

ಹಸಿರು ಸುಳ್ಳು ಹೇಳಿರಲಿಲ್ಲ ಬಿಡಿ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿತ್ತು. ಈಗ ಪ್ರತಿ ಜಾಬ್‌ಗೂ ಸಿಂಕ್‌ನಲ್ಲಿ ಒಂದಾದರೂ ಟೆಸ್ಟ್ ಇಡುತ್ತೇನೆ.

ನಿಮ್ಮ ಹಸಿರೂ ಹೀಗೆ ಕೈಕೊಟ್ಟಿದೆಯಾ? ಹೇಳಿ, ಒಟ್ಟಿಗೆ ನಗೋಣ :)