39 ಅಂಕಿಗಳ ಅವಿಭಾಜ್ಯ

ಪ್ಯಾರಿಸಿನ ಮಠವಾಸಿಯಾಗಿದ್ದ ಮರೆನ್ ಮೆರ್ಸೆನ್ನನು 1644ರ ತನ್ನ ಗ್ರಂಥದಲ್ಲಿ, 2ರ ಘಾತದಿಂದ 1ನ್ನು ಕಳೆದಾಗ ಅವಿಭಾಜ್ಯ ಸಂಖ್ಯೆ ದೊರೆಯುವುದು 257ರವರೆಗಿನ ಘಾತಾಂಕಗಳ ಪೈಕಿ 2, 3, 5, 7, 13, 17, 19, 31, 67, 127 ಮತ್ತು 257 ಎಂಬ ಹನ್ನೊಂದಕ್ಕೆ ಮಾತ್ರವೆಂದು ನಿಸ್ಸಂಕೋಚವಾಗಿ ಬರೆದನು. ಅಷ್ಟು ಬೃಹತ್ತಾದ ಸಂಖ್ಯೆಗಳನ್ನೆಲ್ಲ ಆತನು ಭಾಗಿಸಿ ನೋಡಿರಲು ಸಾಧ್ಯವೇ ಇರಲಿಲ್ಲ. ಆದರೂ ಪಂಡಿತರು ಆ ಪಟ್ಟಿಯ ಬೆನ್ನು ಹತ್ತಿ ಮುನ್ನೂರು ವರ್ಷ ಕಳೆದರು.

ಭಾಜಕಗಳಾಗಬಲ್ಲವುಗಳ ಸ್ವರೂಪವನ್ನು ಮೊದಲೇ ನಿಶ್ಚಯಿಸಿಕೊಂಡು ಶ್ರಮವನ್ನು ಬಹುವಾಗಿ ತಗ್ಗಿಸಿದ ಗಣಿತಜ್ಞ ಆಯ್ಲರನು, 2³¹−1, ಅಂದರೆ 2147483647, ಅವಿಭಾಜ್ಯವೆಂದು 1772ರಲ್ಲಿ ತಿಳಿಸಿದನು. ಇಂತಹ ಸಂಖ್ಯೆಗಳು ಕೇವಲ ಕುತೂಹಲದ ವಸ್ತುಗಳು, ಉಪಯೋಗವಿಲ್ಲದ್ದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಅರಸಲಾರರು ಎಂದು ಇಂಗ್ಲೆಂಡಿನ ಬಾರ್ಲೋ 1811ರಲ್ಲಿ ನುಡಿದನು. ನಿರುಪಯೋಗವು ಮನುಷ್ಯನನ್ನು ತಡೆಯುತ್ತದೆಂಬ ಆತನ ನಂಬಿಕೆಯೇ ನನಗೆ ಆ ಸಂಖ್ಯೆಗಿಂತ ವಿಚಿತ್ರವಾಗಿ ತೋರುತ್ತದೆ.

ಭಾಜಕಗಳನ್ನು ಅರಸುವ ಗೋಜಿಗೇ ಹೋಗದೆ ನಿರ್ಣಯಿಸುವ ಉಪಾಯವನ್ನು ಕಂಡವನು ಫ್ರಾನ್ಸಿನ ಎದುವಾರ್ ಲ್ಯೂಕಾ. 'ಹನೋಯಿಯ ಗೋಪುರ'ವೆಂಬ ಬಿಲ್ಲೆಗಳ ಆಟವನ್ನು ಲೋಕಕ್ಕೆ ಕೊಟ್ಟವನೂ ಈತನೇ, ಆ ಆಟದಲ್ಲಿ ಬೇಕಾಗುವ ನಡೆಗಳ ಗಣನೆಯೂ 2ರ ಘಾತಕ್ಕೆ ಒಂದು ಕಡಮೆಯೇ. ಮೊದಲಿಗೆ 3ನ್ನು ಇಟ್ಟುಕೊಂಡು, ವರ್ಗ ಮಾಡಿ 2ನ್ನು ಕಳೆದು, ಪರೀಕ್ಷೆಗೊಳಪಟ್ಟ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷಕ್ಕೆ ಮತ್ತೆ ಅದೇ ಸಂಸ್ಕಾರವನ್ನು ಮಾಡುತ್ತ ಹೋಗುವುದು ಆತನ ಕ್ರಮ. 2⁷−1 ಆದ 127ಕ್ಕೆ ಹೀಗೆ ಮಾಡಿದರೆ 3, 7, 47, 48, 16 ಎಂದು ಬಂದು ಐದನೆಯ ಹೆಜ್ಜೆಗೆ ಶೂನ್ಯವಾಗುತ್ತದೆ. ಶೂನ್ಯ ಬಂದಿತಾದರೆ ಸಂಖ್ಯೆ ಅವಿಭಾಜ್ಯ. ಆ 127ನ್ನೇ ಘಾತಾಂಕವಾಗುಳ್ಳ ಸಂಖ್ಯೆಗಾದರೋ 125 ಹೆಜ್ಜೆಗಳು ಬೇಕು, ಒಂದೊಂದರಲ್ಲಿಯೂ 39 ಅಂಕಿಗಳವರೆಗಿನ ಶೇಷಗಳ ವರ್ಗ. ಚದುರಂಗದ ಹಾಸಿನಂತೆ ಮನೆಗಳನ್ನು ಹಾಕಿ, ದ್ವಿಮಾನ ಪದ್ಧತಿಯಲ್ಲಿ ಗಣಿಸಿ,

170141183460469231731687303715884105727

ಅವಿಭಾಜ್ಯವೆಂದು ಆತನು 1876ರಲ್ಲಿ ಸಾರಿದನು. ಯಂತ್ರದ ನೆರವಿಲ್ಲದೆ ಕೈಯಿಂದಲೇ ಸಾಧಿಸಿದ ಅವಿಭಾಜ್ಯಗಳಲ್ಲಿ ಇದಕ್ಕೆ ಮಿಗಿಲಾದುದಿಲ್ಲ.

ಅದೇ ವರ್ಷ 2⁶⁷−1 ಅವಿಭಾಜ್ಯವಲ್ಲವೆಂದೂ ಲ್ಯೂಕಾ ತೋರಿಸಿದನು. ಆದರೆ ಅದರ ಒಂದು ಭಾಜಕವೂ ಆತನಿಗೆ ತಿಳಿಯದು. ಒಡೆಯುತ್ತದೆಂದು ಬಲ್ಲೆ, ಎಲ್ಲಿ ಒಡೆಯುತ್ತದೆಂದು ಅರಿಯೆ ಎಂಬ ಈ ಜ್ಞಾನಕ್ಕೆ ಗಣಿತದಲ್ಲಿ ಪೂರ್ಣ ಗೌರವವುಂಟು. 1903ರಲ್ಲಿ ಅಮೆರಿಕದ ಫ್ರ್ಯಾಂಕ್ ಕೋಲನು 193707721 ಮತ್ತು 761838257287 ಎಂಬ ಗುಣಕಗಳನ್ನು ಮುಂದಿಟ್ಟನು. ಮೆರ್ಸೆನ್ನನ ಪಟ್ಟಿಯಲ್ಲಿ 257 ಸಹ ತಪ್ಪು. 61, 89, 107 ಬಿಟ್ಟುಹೋಗಿದ್ದವು.

ಎಪ್ಪತ್ತೈದು ವರ್ಷ ಮೇಲ್ಮೆಯಲ್ಲಿದ್ದ ಲ್ಯೂಕಾನ ಸಂಖ್ಯೆಯನ್ನು 1951ರಲ್ಲಿ ಫೆರಿಯೆ ಎಂಬವನು ಮೇಜಿನ ಲೆಕ್ಕಯಂತ್ರದ ಸಹಾಯದಿಂದ 44 ಅಂಕಿಗಳದೊಂದನ್ನು ಕಂಡು ಹಿಂದಿಕ್ಕಿದನು. 1952ರ ಜನವರಿ 30ರಂದು ಲಾಸ್ ಏಂಜಲೀಸಿನ ವಿದ್ಯುನ್ಮಾನ ಯಂತ್ರವೊಂದು, ರಾಬಿನ್ಸನ್ ಎಂಬ ಗಣಿತಜ್ಞನು ಬರೆದುಕೊಟ್ಟ ಆದೇಶಗಳನ್ನು ಅನುಸರಿಸಿ, 157 ಮತ್ತು 183 ಅಂಕಿಗಳ ಎರಡನ್ನು ಒಂದೇ ದಿನ ಹೊರಗೆಡಹಿತು. ಅದಕ್ಕೆ ಕೊಟ್ಟಿದ್ದ ಸೂತ್ರ ಲ್ಯೂಕಾನದೇ, ಲೇಮರನೆಂಬ ಗಣಿತಜ್ಞನು ಒಪ್ಪವಿಟ್ಟದ್ದು. ಆದಿಯಲ್ಲಿ 3ರ ಬದಲು 4 ಇದ್ದಿತು, ಅಷ್ಟೆ.